ಕಲಿಯುವ ದಿನಗಳ ಕೂಲಿ

ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಭಾಗ್ಯನಗರ ಕೆಲವರಿಗೆ ಸೀರೆ ನೇಯುವ ಊರು, ಕೆಲವರಿಗೆ ಕೂದಲಿನ ಊರು. ತಲೆ ಬಾಚುವಾಗ ಉದುರಿದ ಕೂದಲು ಪಾತ್ರೆ, ಪಿನ್ನು ಮಾರುವವರ ಚೀಲ ಸೇರಿ ಇಲ್ಲಿಗೆ ಬರುತ್ತದೆ. ಸಿಕ್ಕು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ಕಟ್ಟು ಕಟ್ಟಿದ ಮೇಲೆ ವಿಗ್ ಮಾಡುವವರ ಕಡೆಗೆ ಹೋಗುತ್ತದೆ. ಸಿಕ್ಕು ಬಿಡಿಸುವವರು ಬಹುತೇಕ ಹೆಂಗಸರು. ನಮ್ಮ ಚಿಗವ್ವ ಅವರಲ್ಲೊಬ್ಬಳು.

ನನ್ನ ಪಿಎಚ್.ಡಿ. ವಿಷಯ ಸಣ್ಣ ಉದ್ದಿಮೆಗಳ ಹೆಣ್ಣಾಳುಗಳು. ಹಾಗಾಗಿ ಅವಳು ದುಡಿಯುವ ಶೆಡ್ಡಿನಲ್ಲಿ ಹಲವು ದಿನ ಕೂತಿದ್ದೇನೆ. ಅಲ್ಲಿ ಅರ್ಜಿಯಿಲ್ಲ, ಸಂದರ್ಶನವಿಲ್ಲ. ಆಳು ಬೇಕಾದಾಗ ಮಾಲಕರು, “ಯಕ್ಕಾ, ಇನ್ನೊಂದಿಬ್ರು ಬೇಕಾಗ್ಯಾರ, ನೋಡು” ಅನ್ನುತ್ತಾರೆ. ಆ ಮಾತು ಸಂಜೆ ನಳದ ಹತ್ತಿರ ತಲುಪುತ್ತದೆ. ಮರುದಿನ ಯಾರಾದರೊಬ್ಬಳು ಬುತ್ತಿ ಕಟ್ಟಿಕೊಂಡು ಬಂದಿರುತ್ತಾಳೆ. ಕರೆತಂದವಳೇ ಜಾಮೀನು. ಹೊಸಬಳು ನಡುವೆ ಬಿಟ್ಟುಹೋದರೆ ಮಾತು ಕೇಳಬೇಕಾದವಳೂ ಅವಳೇ.

ಒಂದು ವಾರ ಚಿಗವ್ವ ಇಬ್ಬರನ್ನು ಕರೆತಂದಳು. ಒಬ್ಬಳು ಯಲಬುರ್ಗಾ ಕಡೆಯಿಂದ ಮದುವೆಯಾಗಿ ಬಂದ ಹುಡುಗಿ. ಮೊದಲ ಕಷ್ಟ ಧೂಳು ಮತ್ತು ಹಳೆಯ ಎಣ್ಣೆಯ ವಾಸನೆ. ಎರಡನೆಯದು, ಯಾರದೋ ತಲೆಗೂದಲು ಮುಟ್ಟಿದ ಕೈಯಲ್ಲಿ ರೊಟ್ಟಿ ಮುರಿಯುವುದು. ಮೊದಲ ದಿನ ಅವಳು ಬುತ್ತಿ ಬಿಚ್ಚಲಿಲ್ಲ. ಮರುದಿನ ಚಿಗವ್ವ ಕೈಗೆ ಸಾಬೂನು ಕೊಟ್ಟು, ಪಕ್ಕ ಕೂರಿಸಿಕೊಂಡು, ತನ್ನ ಪುಂಡಿಪಲ್ಲೆ ಬಡಿಸಿದಳು. “ಉಣ್ಣವ್ವ, ನಾವೆಲ್ಲಾ ಉಂಡೇ ಬದುಕೀವಿ.”

ಮೂರನೆಯ ಕಷ್ಟ ಹಾಗೆ ಬಗೆಹರಿಯುವಂಥದ್ದಲ್ಲ. ಕೂಲಿ ಸಿಗುವುದು ಬಿಡಿಸಿದ ತೂಕಕ್ಕೆ. ಗಂಟನ್ನು ಜಗ್ಗಿದರೆ ಕೂದಲು ಹರಿಯುತ್ತದೆ. ಉದ್ದ ಹೋದರೆ ಬೆಲೆಯೂ ಹೋಯಿತು. ಬೆರಳುಗಳಿಗೆ ಆ ಹದ ಸಿಗುವವರೆಗೆ ತೂಕ ಏರುವುದಿಲ್ಲ. ವಾರದ ಬಟವಡೆಯಲ್ಲಿ ಹೊಸಬರಿಬ್ಬರಿಗೆ ಹಳಬರ ಕಾಲುಭಾಗವೂ ಬರಲಿಲ್ಲ. ಕಲಿಸಲೆಂದು ಕೈ ನಿಲ್ಲಿಸಿದ್ದ ಚಿಗವ್ವನ ತೂಕವೂ ಇಳಿದಿತ್ತು. ತರಬೇತಿಯ ಖರ್ಚನ್ನು ಮೂವರು ಹೆಂಗಸರೇ ಹೊತ್ತಿದ್ದರು.

ಮಾಲಕರನ್ನು ಕೇಳಿದರೆ, “ಕಲ್ತ ಮ್ಯಾಲ ಬಾಜೂ ಶೆಡ್ಡಿಗೆ ಹೋಗ್ತಾರ್ರೀ, ನಾವ್ಯಾಕ ಕೊಡೂಣು?” ಎಂದರು. ಅವರ ಅಂಜಿಕೆ ಸುಳ್ಳಲ್ಲ. ಆದರೆ ದಿನಕ್ಕಿಷ್ಟು ಎಂದು ಕನಿಷ್ಠ ಕೂಲಿ ಗೊತ್ತುಮಾಡಿದ ಉದ್ಯೋಗದಲ್ಲಿ ತುಂಡುಗೂಲಿಯವರಿಗೂ ಅದಕ್ಕಿಂತ ಕಡಿಮೆ ಕೊಡುವಂತಿಲ್ಲವೆಂದು 1948ರ ಕನಿಷ್ಠ ವೇತನ ಕಾಯ್ದೆಯೇ ಹೇಳಿತ್ತು. ಶೆಡ್ಡಿನ ತಕ್ಕಡಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಸೋಮವಾರ ಯಲಬುರ್ಗಾದ ಹುಡುಗಿ ಬಂದಳು, ಇನ್ನೊಬ್ಬಳು ಬರಲಿಲ್ಲ. “ಆಕಿಗೆ ದುಡಿಯೂ ಮನಸ್ಸಿಲ್ಲ” ಎಂದು ಶೆಡ್ಡು ತೀರ್ಮಾನಿಸಿತು. ಬಾರದವಳು ಆ ವಾರ ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗುತ್ತಿದ್ದಳು. ಅಲ್ಲಿ ಸಂಜೆಗೇ ಕೂಲಿ. ಬಂದವಳ ಮನೆಯಲ್ಲಿ ಗಂಡನ ದುಡಿಮೆಯಿತ್ತು, ಚೀಲದಲ್ಲಿ ಜೋಳವಿತ್ತು. ಕೆಲಸಕ್ಕೆ ಯಾರು ನಿಲ್ಲುತ್ತಾರೆ ಎಂಬುದನ್ನು ಮನಸ್ಸಿಗಿಂತ ಮೊದಲು ಆ ಚೀಲ ತೀರ್ಮಾನಿಸುತ್ತದೆ.

ನನಗೆ ತಿಂಗಳಿಗೊಮ್ಮೆ ಶಿಷ್ಯವೇತನ ಬರುತ್ತದೆ. ಮೊದಲ ವರ್ಷವಿಡೀ ಓದಿದೆ, ಟಿಪ್ಪಣಿ ಮಾಡಿದೆ, ತಿದ್ದಿದೆ. ಆಗ ಯಾರೂ ನನ್ನ ಪುಟಗಳನ್ನು ತೂಗಿ ದುಡ್ಡು ಕೊಡಲಿಲ್ಲ. ಕಲಿಯುವುದೂ ಕೆಲಸವೇ ಎಂದು ನನ್ನ ಮಟ್ಟಿಗೆ ಒಪ್ಪಿದ ಲೋಕ, ಚಿಗವ್ವನ ಪಕ್ಕ ಸೂಜಿ ಹಿಡಿದು ಕೂತವಳ ಮಟ್ಟಿಗೂ ಒಪ್ಪಲಿ. ಮೊದಲ ಎರಡು ವಾರದ ಪೂರ್ತಿ ಕೂಲಿ, ಅಷ್ಟೇ.