ಬಾಗಿದ ಸ್ಪ್ಯಾನರ್

ಜೂನ್ ತಿಂಗಳ ಮೊದಲ ಮಳೆ ಬಿದ್ದ ದಿನ ನನ್ನ ಮೊಮ್ಮಗಳು ಶಾಲೆಯಿಂದ ಅಳುತ್ತಾ ಬಂದಳು. ಬಿಳಿ ಅಂಗಿಯ ಬೆನ್ನ ಮೇಲೆ ಸೊಂಟದಿಂದ ಕುತ್ತಿಗೆಯವರೆಗೆ ಕೆಂಪು ಕೆಸರಿನ ಪಟ್ಟೆ, ಯಾರೋ ಕುಂಚ ಹಿಡಿದು ಎಳೆದ ಹಾಗೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಅವಳಿಗೆ ‘ಅಳಿಲು’ ಎಂದು ಹೆಸರಿಟ್ಟಿದ್ದರಂತೆ.

“ನಾಳೆಯಿಂದ ನಾನು ಸೈಕಲ್ ಮುಟ್ಟಲ್ಲ ತಾತ” ಎಂದು ಅದನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು.

ಸೊಸೆ ಕಾಯುತ್ತಿದ್ದದ್ದೇ ಈ ಮಾತಿಗೆ. “ವ್ಯಾನಿಗೆ ಹೇಳಿಬಿಡೋಣ ಮಾವ. ಈ ಲಾರಿಗಳ ಮಧ್ಯೆ ಮಗು ಸೈಕಲ್ ತುಳಿಯುತ್ತೆ ಅಂದ್ರೆ ನನಗೆ ಅನ್ನ ಇಳಿಯಲ್ಲ” ಎಂದಳು. ಅವಳ ಭಯ ಸುಳ್ಳಲ್ಲ. ನಮ್ಮ ದಾಬಸ್‌ಪೇಟೆಯಲ್ಲಿ ಬೆಂಗಳೂರು-ತುಮಕೂರು ಹೆದ್ದಾರಿಗೆ ದೊಡ್ಡಬಳ್ಳಾಪುರದ ಕಡೆಯ ರಸ್ತೆ ಬಂದು ಸೇರುತ್ತದೆ. ಸೋಂಪುರ ಕೈಗಾರಿಕಾ ಪ್ರದೇಶ ಬೆಳೆದ ಮೇಲಂತೂ ಲಾರಿಗಳಿಗೆ ಹಗಲು ರಾತ್ರಿ ಎಂಬುದಿಲ್ಲ. ಆದರೆ ಮೊಮ್ಮಗಳು ಹೆದ್ದಾರಿಗೆ ಹೋಗುವುದೇ ಇಲ್ಲ. ಹೊಲದ ಪಕ್ಕದ ಮಣ್ಣು ದಾರಿಯಲ್ಲಿ ಹೋಗಿ ಬರುತ್ತಾಳೆ. ಕೆಸರು ಹತ್ತಿದ್ದೂ ಅಲ್ಲೇ. ಪಿಂಚಣಿ ಹಣದಲ್ಲಿ ಸೈಕಲ್ ಕೊಡಿಸಿದವನು ನಾನು, ಹಿಂದೆ ಓಡಿ ಓಡಿ ಕಲಿಸಿದವನೂ ನಾನು. ಮೊದಲ ಮಳೆಗೇ ಸೋಲೊಪ್ಪಲು ಮನಸ್ಸು ಬರಲಿಲ್ಲ. “ಎರಡು ದಿನ ಟೈಮ್ ಕೊಡಮ್ಮ” ಎಂದು ಸೊಸೆಯನ್ನು ಕೇಳಿಕೊಂಡೆ.

ಅವಳದು ಗೇರ್ ಸೈಕಲ್. ದಪ್ಪ ಟೈರು, ಥಳಥಳ ಬಣ್ಣ; ಮಡ್‌ಗಾರ್ಡ್ ಮಾತ್ರ ಇಲ್ಲ. ಈಗಿನ ಸೈಕಲ್‌ಗಳಿಗೆ ಅದು ಶೋಭೆಯಲ್ಲವಂತೆ. ಚಕ್ರ ತಿರುಗುವಾಗ ಟೈರಿಗೆ ಅಂಟಿದ ನೀರು ಅದರ ಜೊತೆ ಮೇಲಕ್ಕೇರುತ್ತದೆ. ಅಂಟು ಬಿಟ್ಟ ಹನಿ ಮಾತ್ರ ಸುತ್ತುವುದಿಲ್ಲ. ಬಿಟ್ಟ ಜಾಗದಿಂದ ನೆಟ್ಟಗೆ ಹಾರುತ್ತದೆ. ಕವಣೆಯಿಂದ ಕಲ್ಲು ಹಾರುವುದೂ ಹೀಗೆಯೇ. ಹಿಂದಿನ ಚಕ್ರದ ಹನಿ ಬೆನ್ನಿಗೆ, ಮುಂದಿನದು ಕಾಲಿಗೆ, ಜೋರಾಗಿ ಹೋದರೆ ಮುಖಕ್ಕೂ. ನಮ್ಮ ಕಾಲದ 28 ಇಂಚಿನ ಕರಿ ಸೈಕಲ್‌ಗಳಿಗೆ ತಗಡಿನ ಮಡ್‌ಗಾರ್ಡ್ ಕಾರ್ಖಾನೆಯಿಂದಲೇ ಬರುತ್ತಿತ್ತು. ಅದರ ತುದಿಯ ರಬ್ಬರ್ ತುಂಡಿನ ಮೇಲೆ ಕೆಲವರು ಹೆಂಡತಿಯ ಹೆಸರು ಬರೆಸುತ್ತಿದ್ದರು.

ಮರುದಿನ ಸೈಕಲ್ ತಳ್ಳಿಕೊಂಡು ಹೊರಟೆ. ಹೆದ್ದಾರಿ ಪಕ್ಕದ ಪಂಚರ್ ಅಂಗಡಿಗಳಲ್ಲಿ ಲಾರಿ ಟೈರುಗಳ ರಾಶಿ. ಬೈಕ್ ಗ್ಯಾರೇಜಿನ ಹುಡುಗರು, “ಸೈಕಲ್ ಕೆಲಸ ನಾವು ಮಾಡಲ್ಲ ತಾತ, ಕೈಯೇ ಹೋಗಲ್ಲ ಅದಕ್ಕೆ” ಎಂದು ನಕ್ಕರು. ಒಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಮಡ್‌ಗಾರ್ಡ್ ಜೊತೆ ಸಿಕ್ಕಿತು. ಹಾಕಿಕೊಡುವವರು ಇರಲಿಲ್ಲ. “ಪೇಟೆ ಒಳಗೆ ಹಳೇ ಸೈಕಲ್ ಶಾಪ್ ಐತಲ್ಲ, ಅಲ್ಲಿಗೆ ಹೋಗಿ. ಅವರತ್ರ ಎಲ್ಲ ಟೂಲ್ಸೂ ಅವೆ” ಎಂದರು.

ಆ ಅಂಗಡಿ ನನಗೆ ಗೊತ್ತಿರಲಿಲ್ಲವೆಂದಲ್ಲ. ಅಲ್ಲಿಗೆ ಹೋಗಬಾರದೆಂದೇ ಉಳಿದ ಕಡೆಯೆಲ್ಲ ಅಲೆದಿದ್ದೆ.

1975ರಲ್ಲಿ ನನಗೆ ಹದಿಮೂರು ವರ್ಷ. ಆಗ ಅದು ಬಾಡಿಗೆ ಸೈಕಲ್ ಅಂಗಡಿ, ಗಂಟೆಗೆ ನಾಲ್ಕಾಣೆ. ಕಾಲು ಎಟುಕದ ನಾವು ಒಳಪೆಡಲ್ ಹೊಡೆಯುತ್ತಾ ಮೊಣಕಾಲು ಕೆತ್ತಿಸಿಕೊಂಡು ಕಲಿತದ್ದು ಅಲ್ಲಿಯ ಸೈಕಲ್‌ಗಳಲ್ಲೇ. ಸಂಕ್ರಾಂತಿಯ ಗಿರಿಜಾ ಕಲ್ಯಾಣಕ್ಕೆ ಶಿವಗಂಗೆಗೆ ಏಳೆಂಟು ಕಿಲೋಮೀಟರ್ ತುಳಿದು ಹೋಗುತ್ತಿದ್ದದ್ದೂ ಅವುಗಳಲ್ಲೇ. ಅಂಗಡಿಯ ಮೇಸ್ತ್ರಿ ಸಿಡುಕಿನವರು. ಅವರ ಸಾಮಾನುಗಳೆಲ್ಲ ಗೋಡೆಯ ಮೊಳೆಗಳಲ್ಲಿ ಸಾಲಾಗಿ ತೂಗುತ್ತಿದ್ದವು, ಒಂದೊಂದರ ಹಿಂದೆಯೂ ಸುಣ್ಣದಲ್ಲಿ ಅದರದೇ ಆಕಾರದ ಗೆರೆ. ಯಾವುದು ಕಾಣೆಯಾದರೂ ಖಾಲಿ ಗೆರೆ ಹೇಳಿಬಿಡುತ್ತಿತ್ತು.

ನಮ್ಮಪ್ಪ ಸೈಕಲ್ಲಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಟೆಲುಗಳಿಗೆ ಹಾಕುತ್ತಿದ್ದರು. ಹಿಂದಿನ ಮಡ್‌ಗಾರ್ಡ್ ಕೆಳಗಡೆ ಬಿಚ್ಚಿಹೋಗಿ ದಾರಿಯುದ್ದಕ್ಕೂ ಗಡಗಡ ಸದ್ದು. “ಅಗೋ ಬಂತು ಜಟಕಾ” ಎಂದು ಹೋಟೆಲಿನವರು ಆಡಿಕೊಳ್ಳುತ್ತಿದ್ದರು. ರಿಪೇರಿಗೆ ಕಾಸಿಲ್ಲ. ನಾನೇ ಬಿಗಿದು ಅಪ್ಪನನ್ನು ಬೆರಗು ಮಾಡಬೇಕೆಂದು ಹುಚ್ಚು ಹತ್ತಿತು. ಆ ಬೋಲ್ಟು ಇರುವುದು ಪೆಡಲಿನ ಅಚ್ಚಿನ ಹಿಂದೆ, ಎರಡು ಪೈಪುಗಳ ನಡುವಿನ ಸಣ್ಣ ಪಟ್ಟಿಯಲ್ಲಿ. ಆ ಕಡೆ ಚಕ್ರ, ಈ ಕಡೆ ಚೈನು. ಸಾದಾ ಸ್ಪ್ಯಾನರ್ ತಿರುಗಲು ಜಾಗವೇ ಇಲ್ಲ. ಮೇಸ್ತ್ರಿ ಅದಕ್ಕೆಂದೇ ತಾವೇ ಒಂದು ಸ್ಪ್ಯಾನರನ್ನು ತೆಳ್ಳಗೆ ಅರೆದು, ಕುತ್ತಿಗೆ ಬಾಗಿಸಿ ಇಟ್ಟುಕೊಂಡಿದ್ದರು. ನೋಡಲು ಕೊಕ್ಕರೆ ತಲೆಯ ಹಾಗಿತ್ತು.

ಒಂದು ಸಂಜೆ ಅದನ್ನು ಚಡ್ಡಿ ಜೇಬಿಗೆ ಇಳಿಸಿದೆ. ಬೆಳಗ್ಗೆ ಅವರು ಬಾಗಿಲು ತೆಗೆಯುವ ಮುಂಚೆ ಹಿತ್ತಿಲ ಕಿಂಡಿಯಿಂದ ಒಳಗೆ ಹಾಕಿಬಿಟ್ಟರಾಯಿತು ಎಂಬ ಲೆಕ್ಕಾಚಾರ. ರಾತ್ರಿ ಬುಡ್ಡಿ ಬೆಳಕಿನಲ್ಲಿ ಬೋಲ್ಟು ಬಿಗಿದೆ, ಸದ್ದು ನಿಂತಿತು. ಬೆಳಗ್ಗೆ ಕೆರೆ ಏರಿ ಮೇಲೆ ಓಡಿಕೊಂಡು ಹೋಗಿ ಜೇಬಿಗೆ ಕೈ ಹಾಕಿದರೆ ಬೆರಳು ತೂತಿನಿಂದ ಆಚೆ ಬಂತು. ಏರಿಯನ್ನು ಮೂರು ಸಲ ಹುಡುಕಿದೆ. ಸಿಗಲಿಲ್ಲ.

ಅಂಗಡಿಯ ಎದುರು ಹುಣಸೆ ಮರದ ಮರೆಯಲ್ಲಿ ನಿಂತು ನೋಡಿದೆ. ಮೇಸ್ತ್ರಿ ಖಾಲಿ ಗೆರೆಯನ್ನು ತೋರಿಸಿ ದೊಡ್ಡ ಮಗನನ್ನು ಕೇಳುತ್ತಿದ್ದರು. ಅವನು ನನಗಿಂತ ಎರಡು ವರ್ಷ ದೊಡ್ಡವನು. ಗೊತ್ತಿಲ್ಲ ಎಂದ. ಹಳೇ ಟ್ಯೂಬಿನ ಪಟ್ಟಿಯಿಂದ ಬಾರಿಸಿದರು. ಎಷ್ಟು ಏಟು ಎಂದು ನಾನು ಎಣಿಸಲಿಲ್ಲ, ಓಡಿಬಿಟ್ಟೆ. ಆಮೇಲೆ ಓದು, ಬೆಂಗಳೂರಿನಲ್ಲಿ ಗುಮಾಸ್ತಿಕೆ, ಮದುವೆ, ಮಕ್ಕಳು. ಊರಿಗೆ ಬಂದಾಗಲೆಲ್ಲ ಆ ಬೀದಿ ಬಿಟ್ಟು ಇನ್ನೊಂದು ಬೀದಿಯಲ್ಲಿ ನಡೆದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿದ ಮೊಮ್ಮಗಳನ್ನೂ ಕರೆದುಕೊಂಡು ಕೊನೆಗೆ ಅಲ್ಲಿಗೇ ಹೋದೆ. ದೊಡ್ಡ ಮೇಸ್ತ್ರಿ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಈಗ ಇರುವುದು ಅವರ ಚಿಕ್ಕ ಮಗ. ತಲೆ ಪೂರ್ತಿ ಬೆಳ್ಳಗಾಗಿದೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಸುಮಾರು ವರ್ಷ ಕೈತುಂಬ ಕೆಲಸವಿತ್ತಂತೆ. ಈಗ ದಿನಕ್ಕೆ ನಾಲ್ಕು ಪಂಚರ್ ಬಂದರೆ ಹೆಚ್ಚು.

ಮೊಮ್ಮಗಳ ಕಣ್ಣು ಗೋಡೆಯ ಮೇಲೆ ನೆಟ್ಟಿತು. ಅಷ್ಟು ಸಾಮಾನು ಅವಳು ಎಲ್ಲೂ ನೋಡಿರಲಿಲ್ಲ. ಎರಡು ಗುಂಡು ತಲೆಯ, ಸುತ್ತಲೂ ಬೇರೆ ಬೇರೆ ಅಳತೆಯ ತೂತಿರುವ ಡಂಬೆಲ್ ಸ್ಪ್ಯಾನರ್. ಕಡ್ಡಿಗಳನ್ನು ಬಿಗಿದು ರಿಮ್ಮಿನ ಬೆಂಡು ತೆಗೆಯುವ ನಿಪ್ಪಲ್ ಕೀ. ಅಚ್ಚಿನ ಕೋನ್ ಹಿಡಿಯಲು ಬಿಲ್ಲೆಯಷ್ಟು ತೆಳ್ಳಗಿನ ಸ್ಪ್ಯಾನರ್. ಕೈಯಲ್ಲಿ ತಿರುಗಿಸುವ ಡ್ರಿಲ್. ಅಡಿಗಲ್ಲಿನ ಬದಲು ಒಂದು ತುಂಡು ರೈಲು ಕಂಬಿ. ಮೂಲೆಯಲ್ಲಿ ಅರ್ಧಚಂದ್ರದ ಹಾಗೆ ಕೆತ್ತಿದ ಹುಣಸೆ ದಿಮ್ಮಿ. “ಇದ್ಯಾತಕ್ಕೆ ಅಂಕಲ್?” ಎಂದಳು. ಮೇಸ್ತ್ರಿ ನಜ್ಜುಗುಜ್ಜಾದ ತಗಡಿನ ಮಡ್‌ಗಾರ್ಡ್ ಒಂದನ್ನು ದಿಮ್ಮಿಯ ಮೇಲೆ ಕೂರಿಸಿ ಮರದ ಸುತ್ತಿಗೆಯಿಂದ ತಟ್ಟಿದರು. ತಗ್ಗು ಏಳುತ್ತಾ ಬಂತು. “ಕಬ್ಬಿಣದ ಸುತ್ತಿಗೇಲಿ ಹೊಡುದ್ರೆ ತಗಡು ಹಿಗ್ತದೆ, ಆಮ್ಯಾಕೆ ಆಕಾರಕ್ಕೆ ಬರಲ್ಲ” ಎಂದರು.

ನನ್ನ ಕಣ್ಣು ಹುಡುಕಿದ್ದು ಸುಣ್ಣದ ಗೆರೆಗಳನ್ನು. ಗೋಡೆಗೆ ನೀಲಿ ಬಣ್ಣ ಬಳಿದಿದ್ದರು.

ಅವರು ಮೊದಲು ಟೈರಿನ ಪಕ್ಕದ ಅಂಕಿ ಓದಿದರು: 26 × 1.95. “ಟೈರಿಗಿಂತ ಮಡ್‌ಗಾಡು ಅಗಲ ಇರ್ಬೇಕು ಕಣಮ್ಮ, ಇಲ್ದಿದ್ರೆ ಪಕ್ಕದಿಂದ ಎರಚ್ತದೆ” ಎಂದು ಅಳತೆ ನೋಡಿ ತಲೆಯಾಡಿಸಿದರು. ಮುಂದಿನದು ಬೇಗ ಕೂತಿತು. ಉದ್ದವಾಗಿದ್ದ ಕಂಬಿಯನ್ನು ಗರಗಸದಲ್ಲಿ ಕೊಯ್ದು, ಕಾಲಿಗೆ ಚುಚ್ಚದಂತೆ ತುದಿಗೆ ರಬ್ಬರ್ ಟೋಪಿ ಹಾಕಿದರು. ಟೈರಿಗೂ ಮಡ್‌ಗಾರ್ಡಿಗೂ ಮಧ್ಯೆ ಕಿರುಬೆರಳು ಸಲೀಸಾಗಿ ಹೋಗಬೇಕು. ಬೆರಳಿಟ್ಟು ಅಳೆಯುವ ಕೆಲಸ ಮೊಮ್ಮಗಳಿಗೆ. ಹಿಂದಿನದೂ ಮೇಲುಗಡೆ ಕೂತಿತು. ಉಳಿದದ್ದು ಕೆಳಗಿನ ಅದೇ ಬೋಲ್ಟು. 10 ನಂಬರ್ ಸ್ಪ್ಯಾನರ್ ಇಟ್ಟರು, ಗೇರಿನ ಚೈನಿಗೆ ಬಡಿಯಿತು. ರಿಂಗ್ ಇಟ್ಟರು, ಟೈರಿಗೆ ಬಡಿಯಿತು.

ಬೆವರು ಒರೆಸಿಕೊಂಡು ಮೇಸ್ತ್ರಿ ಅಂದರು, “ನಮ್ಮಪ್ಪನ ಹತ್ರ ಇದಕ್ಕಂತ್ಲೇ ಒಂದು ಸೊಟ್ಟ ಸ್ಪ್ಯಾನರ್ ಇತ್ತು ಸ್ವಾಮಿ. ನಾನು ಚಿಕ್ಕೋನಿದ್ದಾಗ ಅದ್ಯಾವ್ ಕಳ್ಳ ನನ್ಮಗ ಎತ್ಕೊಂಡ್ ಹೋದ್ನೋ. ಅದ್ರಿಂದ ನಮ್ಮಣ್ಣ ಏಟು ತಿಂದ. ಅಪ್ಪ ಇನ್ನೊಂದು ಮಾಡ್ಲೇ ಇಲ್ಲ.”

ನನ್ನ ಕಿವಿ ಬಿಸಿಯಾಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಮೊಮ್ಮಗಳು ನಿಂತಿದ್ದಳು. ಹೋದ ವರ್ಷ ಗೆಳತಿಯ ರಬ್ಬರ್ ಹೇಳದೆ ತಂದಳೆಂದು ಅವಳನ್ನು ಅರ್ಧ ಗಂಟೆ ಕೂರಿಸಿ ಬೋಧನೆ ಮಾಡಿದ್ದೆ.

“ಆ ಕಳ್ಳ ನಾನೇ ಮೇಸ್ತ್ರಿ” ಎಂದೆ.

ಅವರು ನಕ್ಕರು, ತಮಾಷೆ ಎಂದುಕೊಂಡು. ಕೆರೆ ಏರಿ, ಹರಿದ ಜೇಬು, ಹುಣಸೆ ಮರ ಎಲ್ಲ ಹೇಳಿದ ಮೇಲೆ ನಗು ನಿಂತಿತು. ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತಾ ಕೂತರು. ಮೊಮ್ಮಗಳು ಬೀದಿಗೆಲ್ಲ ಕೇಳುವ ಹಾಗೆ, “ತಾತ, ನೀನು ಕದ್ದಿದ್ದಾ?” ಎಂದಳು.

“ಹೂಂ ಕಣಮ್ಮ.”

“ಮತ್ತೆ ಆ ಅಣ್ಣಂಗೆ ಹೊಡೀತಿದ್ರೂ ಸುಮ್ನಿದ್ಯಾ?”

ಅದಕ್ಕೂ ಹೂಂ ಎನ್ನಬೇಕಾಯಿತು.

ಮೇಸ್ತ್ರಿ ನನಗೆ ಏನೂ ಹೇಳಲಿಲ್ಲ. ಎದ್ದು ಡಬ್ಬದಿಂದ ಹಳೆಯದೊಂದು 10 ನಂಬರ್ ಸ್ಪ್ಯಾನರ್ ಹುಡುಕಿ, “ಬರ್ರಿ” ಎಂದು ಪಕ್ಕದ ವೆಲ್ಡಿಂಗ್ ಅಂಗಡಿಗೆ ಕರೆದುಕೊಂಡು ಹೋದರು. ಗ್ರೈಂಡಿಂಗ್ ಕಲ್ಲಿಗೆ ಹಿಡಿದು ಎರಡೂ ಮಗ್ಗುಲು ತೆಳ್ಳಗೆ ಮಾಡಿದರು. ಕುತ್ತಿಗೆಗೆ ಗ್ಯಾಸಿನ ಉರಿ ಕೊಟ್ಟು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ನಿಧಾನಕ್ಕೆ ಬಾಗಿಸಿದರು. ನೀರಿನ ಬಕೆಟ್ ಹತ್ತಿರ ತಂದ ಹುಡುಗನಿಗೆ, “ನೀರಿಗ್ ಅದ್ದುದ್ರೆ ಸೀಳು ಬಿಡ್ತದೆ ಕಣೋ” ಎಂದು ಗದರಿ, ಹಳೇ ಎಂಜಿನ್ ಎಣ್ಣೆಯಲ್ಲಿ ಅದ್ದಿದರು. ಬುಸ್ಸೆಂದು ಹೊಗೆ ಎದ್ದಿತು. ಹೊಗೆ ಹೋದ ಮೇಲೆ ನೋಡಿದರೆ ಅದೇ ಕೊಕ್ಕರೆ ತಲೆ.

ಬೋಲ್ಟು ಕಾಲು ಸುತ್ತು, ಕಾಲು ಸುತ್ತಾಗಿ ಬಿಗಿಯಿತು. ಕೊನೆಯ ಸುತ್ತನ್ನು ನನ್ನ ಕೈಯಲ್ಲಿ ಮಾಡಿಸಿದರು. ಆಮೇಲೆ ಫೋನ್ ತೆಗೆದು ತುಮಕೂರಿನಲ್ಲಿ ಮಗನ ಮನೆಯಲ್ಲಿರುವ ಅಣ್ಣನಿಗೆ ಮಾಡಿ, ವಿಷಯ ಹೇಳದೆ ನನ್ನ ಕೈಗೆ ಕೊಟ್ಟರು.

ನಾನು ಎಲ್ಲ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಟಿವಿಯ ಸದ್ದು ಮಾತ್ರ. “ನಮ್ಮಪ್ಪ ಹೊಡೆದದ್ದು ಒಂದಾ ಎರಡಾ? ಯಾವ ಏಟು ಯಾವುದಕ್ಕೆ ಅಂತ ನೆನಪಿಲ್ಲ ಕಣಪ್ಪ” ಎಂದರು. ನನಗೆ ಹಗುರಾಗುವಷ್ಟರಲ್ಲಿ, “ಆದ್ರೆ ಆ ಸ್ಪ್ಯಾನರ್ ನೆನಪೈತೆ. ಸಾಯೋವರ್ಗೂ ಅಪ್ಪ ನಾನೇ ಮಾರ್ಕೊಂಡೆ ಅಂದ್ಕೊಂಡಿದ್ರು” ಎಂದರು.

ಏನು ಹೇಳುವುದು? ತಪ್ಪಾಯ್ತು ಎಂದೆ. ಬರುವ ವಾರ ತುಮಕೂರಿಗೆ ಬರುತ್ತೇನೆ ಎಂದೆ. “ಬಾ, ಊಟಕ್ಕೇ ಬಾ” ಎಂದು, “ಮಡ್‌ಗಾಡು ಕೂತ್ಕಂತಾ?” ಎಂದು ಕೇಳಿದರು.

ಮೇಸ್ತ್ರಿ ಕೂಲಿ ತೆಗೆದುಕೊಂಡರು, ಸ್ಪ್ಯಾನರಿಗೆ ಬೇಡವೆಂದರು. ಅದನ್ನು ಮೊಳೆಗೆ ತೂಗುಹಾಕಿ, ಮೊಮ್ಮಗಳ ಕೈಗೆ ಸೀಮೆಸುಣ್ಣ ಕೊಟ್ಟು ಸುತ್ತ ಗೆರೆ ಎಳೆಸಿದರು. ದಾರಿಯಲ್ಲಿ ಅವಳು ನನ್ನ ಜೊತೆ ಮಾತಾಡಲಿಲ್ಲ. ಕೆರೆ ಏರಿ ಹತ್ತಿರ ಬಂದಾಗ ಮಾತ್ರ, “ಎಲ್ಲಿ ಬೀಳಿಸಿದ್ದೆ ತೋರಿಸು” ಎಂದಳು. ತೋರಿಸಿದೆ. ಇಬ್ಬರೂ ಸ್ವಲ್ಪ ಹೊತ್ತು ಹುಲ್ಲು ಸರಿಸಿ ನೋಡಿದೆವು.

ಸೋಮವಾರ ಬೆಳಗ್ಗೆ ಮಳೆ ಬಂದಿತ್ತು. ಮನೆ ಮುಂದಿನ ಗುಂಡಿಯಲ್ಲಿ ಬೇಕೆಂದೇ ಎರಡು ಸಲ ಸೈಕಲ್ ಹಾಯಿಸಿ, ಇಳಿದು ನನಗೂ ಅವಳಮ್ಮನಿಗೂ ಬೆನ್ನು ತಿರುಗಿಸಿ ನಿಂತಳು. ಸೊಸೆ ಹತ್ತಿರ ಹೋಗಿ ಬಗ್ಗಿ ನೋಡಿ, “ಕಾಲರ್ ಹತ್ರ ಒಂದು ಚುಕ್ಕೆ ಇದೆ” ಎಂದಳು.