ಮಯೂರಭಂಜದ ಕೆಂಪಿರುವೆ ಚಟ್ನಿ

ದೇಶ ಸುತ್ತಲು ಹೊರಟವನು ಗುಡಿಗೋಪುರಗಳನ್ನೂ ಕೋಟೆಕೊತ್ತಲಗಳನ್ನೂ ಕಂಡು ಬಂದರೆ ಅರ್ಧ ನೋಡಿದಂತಾಯಿತು. ಆ ಸೀಮೆಯವರ ಒಲೆಯ ಮೇಲೆ ಏನು ಬೇಯುತ್ತದೆ, ಒರಳಿನಲ್ಲಿ ಏನು ಅರೆಯಲ್ಪಡುತ್ತದೆ ಎಂಬುದನ್ನು ಅರಿತಾಗಲೇ ಉಳಿದರ್ಧವು ತಿಳಿಯುವುದು. ಒಡಿಶಾ ರಾಜ್ಯದ ಉತ್ತರದ ಅಂಚಿನಲ್ಲಿರುವ ಮಯೂರಭಂಜ ಜಿಲ್ಲೆಯು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಹೌರಾದಿಂದ ಚೆನ್ನೈಗೆ ಬರುವ ರೈಲುದಾರಿಯಲ್ಲಿ ಬಾಲೇಶ್ವರವೆಂಬ ನಿಲ್ದಾಣವುಂಟು. ಅಲ್ಲಿಂದ ಸುಮಾರು 60 ಕಿಲೋಮೀಟರು ಒಳನಾಡಿಗೆ ಹೋದರೆ ಬುಢಾಬಲಂಗ ನದಿಯ ಬಳಿಯ ಬಾರಿಪದಾ ಪಟ್ಟಣವು ಎದುರಾಗುತ್ತದೆ. ಇದು ಭಂಜ ಅರಸರ ರಾಜಧಾನಿಯಾಗಿದ್ದಿತು. ಅವರ ಸಂಸ್ಥಾನವು 1949ರಲ್ಲಿ ಒಡಿಶಾದೊಡನೆ ಸೇರಿತು. ಇಲ್ಲಿಯ ರಥಯಾತ್ರೆಯಲ್ಲಿ ಸುಭದ್ರೆಯ ತೇರನ್ನು ಹೆಂಗಸರೇ ಎಳೆಯುವುದು ನೋಡತಕ್ಕ ವಿಶೇಷ. ಪಟ್ಟಣದ ಪಶ್ಚಿಮಕ್ಕೆ ಸಿಮಿಲಿಪಾಲದ ಬೆಟ್ಟಕಾಡು ಹಬ್ಬಿದೆ. ಕೆಂಪು ಬೂರುಗದ ಮರಗಳಿಂದ ಅದಕ್ಕೆ ಆ ಹೆಸರು ಬಂದಿತೆನ್ನುವರು. ದಟ್ಟವಾದ ಸಾಲವೃಕ್ಷಗಳು, ಬಂಡೆಯಿಂದ ಧುಮುಕುವ ಜಲಪಾತಗಳು, ಆನೆ, ಹುಲಿ ಎಲ್ಲವೂ ಅಲ್ಲುಂಟು. ಈ ಕಾಡಿನಲ್ಲಿಯೂ ಅದರ ಸೆರಗಿನಲ್ಲಿಯೂ ಸಂತಾಲ, ಹೋ, ಭೂಮಿಜ, ಬಾಥುಡಿ ಮೊದಲಾದ ಜನರು ತಲತಲಾಂತರದಿಂದ ವಾಸವಾಗಿದ್ದಾರೆ.

ಈ ಸೀಮೆಯ ಸಂತೆಗಳಲ್ಲಿ ಸೊಪ್ಪು, ಗೆಡ್ಡೆ, ಒಣಮೀನುಗಳ ನಡುವೆ ಎಲೆಯ ದೊನ್ನೆಗಳಲ್ಲಿ ಕೆಂಪಗೆ ಹೊಳೆಯುವ ಒಂದು ರಾಶಿಯನ್ನು ಕಾಣಬಹುದು. ದೂರದಿಂದ ಕೇಸರಿಯ ಎಸಳೋ ಎನ್ನಿಸುವುದು. ಬಗ್ಗಿ ನೋಡಿದರೆ ಇರುವೆ! ಇದಕ್ಕೆ ಅಲ್ಲಿ 'ಕಾಯಿ' ಎಂದು ಹೆಸರು. ನಮ್ಮ ಮಲೆನಾಡಿನವರು ಚಗಳಿ ಅಥವಾ ಚಿಗಳಿ ಎನ್ನುವ ಇರುವೆಯೇ ಇದು. ಕೆಲವು ಇರುವೆಗಳು ಸಾಲುಗಟ್ಟಿ ಎಲೆಯಂಚುಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತವೆ. ಮತ್ತೆ ಕೆಲವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು, ನೇಕಾರನು ಲಾಳಿಯಾಡಿಸುವಂತೆ ಅತ್ತಿತ್ತ ಆಡಿಸಿ, ಅವು ಬಿಡುವ ನೂಲಿನಿಂದ ಎಲೆಗಳನ್ನು ಹೊಲಿಯುತ್ತವೆ. ಆ ಗೂಡನ್ನು ಕೊಂಬೆಸಹಿತ ಕೊಯ್ದು, ನೀರಿನಲ್ಲಿ ಅದ್ದಿ, ಎಲೆಕಸವನ್ನು ಬೇರ್ಪಡಿಸುವುದು ಸುಲಭದ ಕೆಲಸವಲ್ಲ. ಕೈಮೈಗೆಲ್ಲ ಕಚ್ಚಿಸಿಕೊಂಡೇ ಅದನ್ನು ಮಾಡಬೇಕು.

ಹೀಗೆ ದೊರೆತ ಇರುವೆಗಳನ್ನು ಉಪ್ಪು, ಶುಂಠಿ, ಬೆಳ್ಳುಳ್ಳಿ, ಮೆಣಸಿನಕಾಯಿಗಳೊಡನೆ ಕಲ್ಲಿನ ಮೇಲೆ ನುಣ್ಣಗೆ ಅರೆದರೆ ಚಟ್ನಿಯಾಯಿತು. ಇದಕ್ಕೆ ಹುಣಿಸೆಹಣ್ಣು ಬೇಡ, ನಿಂಬೆಯೂ ಬೇಡ. ಇರುವೆಯ ಮೈಯಲ್ಲಿರುವ ಫಾರ್ಮಿಕ್ ಆಮ್ಲವೇ ಹುಳಿಯನ್ನು ಕೊಡುತ್ತದೆ. ಬಡವರ ಅನ್ನಕ್ಕೆ ರುಚಿಯೊಂದಿಗೆ ಪ್ರೋಟೀನು, ಕಬ್ಬಿಣಗಳೂ ಇದರಿಂದ ಒದಗುತ್ತವೆ. ನೆಗಡಿ ಕೆಮ್ಮುಗಳಿಗೆ ಇದು ಮದ್ದೆಂಬ ನಂಬಿಕೆಯೂ ಅಲ್ಲಿ ಬಲವಾಗಿದೆ. ಕೋವಿಡ್ ಬೇನೆಯ ಕಾಲದಲ್ಲಿ ಈ ಚಟ್ನಿಯನ್ನು ಔಷಧವಾಗಿ ಬಳಸಲು ಆಜ್ಞೆ ಮಾಡಬೇಕೆಂಬ ಬಿನ್ನಹವು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2021ರಲ್ಲಿ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಮದ್ದೆಂದು ಸಾರುವುದಕ್ಕೆ ಪ್ರಮಾಣ ಬೇಕು. ಆದರೆ ಊಟದ ಪದಾರ್ಥಕ್ಕೆ ಊಟವೆಂಬ ಗೌರವವೇ ಸಾಲದೆ?

ಆ ಗೌರವವು ಬಹುಕಾಲ ದೊರೆತಿರಲಿಲ್ಲ. ಪಟ್ಟಣಿಗರು 'ಇರುವೆ ತಿನ್ನುವವರು' ಎಂದು ಮೂಗು ಮುರಿಯುವುದು ಎಲ್ಲ ಸೀಮೆಗಳಲ್ಲಿಯೂ ಕಾಣುವ ಸಂಗತಿ. 2024ರ ಜನವರಿಯಲ್ಲಿ 'ಸಿಮಿಲಿಪಾಲ ಕಾಯಿ ಚಟ್ನಿ'ಗೆ ಭೌಗೋಳಿಕ ಗುರುತು ಲಭಿಸಿತು. ನಮ್ಮ ಮೈಸೂರು ರೇಷ್ಮೆಗೂ ನಂಜನಗೂಡಿನ ರಸಬಾಳೆಗೂ ಇರುವ ಮಾನ್ಯತೆಯೇ ಇದು. ಅಂದಿನವರೆಗೆ ನಕ್ಕವರು ಆಮೇಲೆ ಕುತೂಹಲದಿಂದ ಬೆಲೆ ಕೇಳತೊಡಗಿದರು. ಇರುವೆಯು ಮೊದಲಿನದೇ, ಒರಳೂ ಮೊದಲಿನದೇ. ಬದಲಾದುದು ನೋಡುವವರ ಕಣ್ಣು ಮಾತ್ರ.

ನಾವಾದರೂ ಈ ವಿಷಯದಲ್ಲಿ ಹೊರಗಿನವರೇನಲ್ಲ. ನಮ್ಮ ಮಲೆನಾಡಿನ ಕೆಲವು ಮನೆಗಳಲ್ಲಿ ಚಗಳಿ ಚಟ್ನಿ ಇಂದಿಗೂ ಉಂಟು. ಬಯಲುಸೀಮೆಯಲ್ಲಿ ಮೊದಲ ಮಳೆಗೆ ಹುತ್ತದಿಂದೇಳುವ ಈಸಲುಹುಳಗಳನ್ನು ಹಿಡಿದು ಹುರಿದು, ರೆಕ್ಕೆ ತೂರಿ ತಿನ್ನುವವರಿದ್ದಾರೆ. ಹುಳುವೆಂದರೆ 'ಶಿವ ಶಿವ' ಎನ್ನುವ ನಾವೇ ಜೇನುನೊಣವು ಹೊಟ್ಟೆಯಲ್ಲಿ ಹೊತ್ತು ತಂದ ಸಿಹಿಯನ್ನು ದೇವರ ಅಭಿಷೇಕಕ್ಕೆ ಒಯ್ಯುತ್ತೇವೆ. ಸಾವಿರಾರು ಹುಳುಗಳನ್ನು ಗೂಡಿನೊಡನೆ ಬೇಯಿಸಿ ತೆಗೆದ ರೇಷ್ಮೆಯನ್ನು ಮಡಿಯೆಂದು ಉಡುತ್ತೇವೆ. ಅಸ್ಸಾಮಿನಲ್ಲಿ ಎರಿ ರೇಷ್ಮೆಯ ನೂಲನ್ನು ತೆಗೆದುಕೊಂಡವರು ಒಳಗಿನ ಹುಳುವನ್ನು ಅಡಿಗೆಗೆ ಬಳಸುವರು. ಅವರನ್ನು ಹಳಿಯಲು ನಮಗೆ ಯಾವ ಅಧಿಕಾರ?

ಇನ್ನು ಜಗತ್ತಿನ ಮಾತು. ಸುಮಾರು 200 ಕೋಟಿ ಜನರ ರೂಢಿಯ ಆಹಾರದಲ್ಲಿ ಕೀಟಗಳು ಸೇರಿವೆಯೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರಲ್ಲಿ ಅಂದಾಜು ಮಾಡಿತು. ಅಷ್ಟೇ ಪ್ರೋಟೀನು ಕೊಡಲು ದನಗಳಿಗೆ ಬೇಕಾಗುವ ಮೇವಿನ ಹನ್ನೆರಡನೆಯ ಒಂದು ಪಾಲು ಚಿಮ್ಮಂಡೆಗಳಿಗೆ ಸಾಕೆಂದೂ ಅದು ಹೇಳಿತು. ಯುರೋಪಿನ ಒಕ್ಕೂಟವೂ ಹಿಟ್ಟಿನಲ್ಲಿ ಬೆಳೆಯುವ ಒಂದು ಜಾತಿಯ ಹುಳುವನ್ನು ಒಣಗಿಸಿ ಆಹಾರವಾಗಿ ಮಾರಲು 2021ರಲ್ಲಿ ಅನುಮತಿಯಿತ್ತಿತು. ಸೀಗಡಿ, ಏಡಿ ಒಗ್ಗದವರಿಗೆ ಕೀಟಗಳೂ ಒಗ್ಗದಿರಬಹುದೆಂಬ ಎಚ್ಚರಿಕೆ ಮಾತ್ರ ಅಗತ್ಯ.

ಆದರೆ ಹೊಗಳಿಕೆಯ ಬೆನ್ನಿಗೇ ಬರುವ ಒಂದು ಅಪಾಯವನ್ನು ಮರೆಯಬಾರದು. ಚಗಳಿಯು ಕಾಡಿನ ಕಾವಲುಗಾರ. ಹಣ್ಣಿನ ಮರಗಳನ್ನು ತಿನ್ನುವ ಕೀಟಗಳನ್ನು ಅದು ಬೇಟೆಯಾಡುತ್ತದೆ. ಚೀನಾದೇಶದ ಕಿತ್ತಳೆ ತೋಟಗಳಲ್ಲಿ ಸಾವಿರದೇಳುನೂರು ವರ್ಷಗಳ ಹಿಂದೆಯೇ ಇದರ ಗೂಡುಗಳನ್ನು ಕೊಂಡು ತಂದು ಮರಗಳಿಗೆ ಕಟ್ಟುತ್ತಿದ್ದರು. ಪಟ್ಟಣದ ನಾಲಗೆಗೆ ಇದರ ಚಪಲ ಹತ್ತಿ, ಲಾಭದಾಸೆಯಿಂದ ಗೂಡುಗಳನ್ನೆಲ್ಲ ಬರಿದು ಮಾಡಿದರೆ ಮರಕ್ಕೆ ಕಾವಲೂ ಉಳಿಯದು, ಕಾಡಿನವರಿಗೆ ಕೂಳೂ ಉಳಿಯದು. ಕಾಡಿನ ಕೊಯ್ಲು ಕಾಡಿನವರ ಕೈಯಲ್ಲಿಯೇ, ಅವರ ಅಳತೆಯಲ್ಲಿಯೇ ಇರುವುದು ಲೇಸು.

ವಾಚಕರು ನಾಳೆಯೇ ಇರುವೆಯನ್ನು ಅರೆಯಬೇಕೆಂಬುದು ನಮ್ಮ ಆಶಯವಲ್ಲ. ತಿನ್ನುವುದೂ ಬಿಡುವುದೂ ಅವರವರ ಕುಲಾಚಾರಕ್ಕೂ ರುಚಿಗೂ ಸೇರಿದ್ದು. ಹೇಸಿಗೆಯಾದರೋ ಹುಟ್ಟಿನಿಂದ ಬಂದುದಲ್ಲ; ಹಿರಿಯರ ಮುಖ ನೋಡಿ ಮಕ್ಕಳು ಕಲಿಯುವ ಪಾಠವದು. ಪಕ್ಕದ ಮನೆಯ ಹುಡುಗನು ಬುತ್ತಿಯಲ್ಲಿ ಚಗಳಿ ಚಟ್ನಿ ತಂದಾಗ ನಮ್ಮ ಮಗುವು 'ಛೀ' ಎನ್ನದೆ, 'ಹುಳಿಯಾಗಿದೆಯೇನೋ?' ಎಂದು ಕೇಳುವಂತಾದರೆ, ಆ ಹುಡುಗನು ಬುತ್ತಿಯ ಮುಚ್ಚಳವನ್ನು ಮರೆಮಾಚದೆ ತೆರೆದಾನು. ಅಷ್ಟನ್ನು ನಾವು ನಮ್ಮ ಮನೆಯಲ್ಲಿಯೇ ಕಲಿಸಬಹುದು.