ಕೆಂಗೇರಿಯಿಂದ ರಾಜಾಜಿನಗರಕ್ಕೆ, ಒಂದು ಚೆಂಡಿನ ಹಿಂದೆ

ನೀವು ಎಂದಾದರೂ ಒಂದು ಬಾಸ್ಕೆಟ್‌ಬಾಲ್ ಪಂದ್ಯವನ್ನು ಪೂರ್ತಿಯಾಗಿ ಕುಳಿತು ನೋಡಿದ್ದೀರಾ? 2023ರ ಆಗಸ್ಟ್‌ವರೆಗೆ ನಾನಂತೂ ನೋಡಿರಲಿಲ್ಲ. ಮದ್ರಸಾದಲ್ಲಿ ಕಲಿತು, ಆಮೇಲೆ ಬಿ.ಎ. ಮುಗಿಸಿ, ಮಕ್ಕಳಿಗೆ ಪಾಠ ಹೇಳುತ್ತಾ ನಲವತ್ತು ದಾಟಿದವಳು ನಾನು. ನನ್ನ ಪಾಲಿಗೆ ಆಟದ ಮೈದಾನವೆಂದರೆ ತರಗತಿಯ ಕಿಟಕಿಯಿಂದ ಕೇಳಿಸುವ ಗದ್ದಲ, ಅಷ್ಟೆ. ಅಂಥವಳು ಆ ವರ್ಷ ಒಂದು ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಗಳ ಹಿಂದೆ ಬೆಂಗಳೂರಿನ ಪಶ್ಚಿಮ ಭಾಗವನ್ನೆಲ್ಲ ಸುತ್ತಿದೆ. ಅದು ಹೇಗಾಯಿತೆಂದು ಹೇಳುತ್ತೇನೆ, ಕೇಳಿ.

ನನ್ನ ಅಣ್ಣನ ಮನೆ ಕೆಂಗೇರಿ ಉಪನಗರದಲ್ಲಿದೆ. ಅವರ ಮಗಳು ಆಗ ಮೈಸೂರು ರಸ್ತೆಯ ಕಡೆಯ ಒಂದು ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಳು. ಕಾಲೇಜಿನ ತಂಡದಲ್ಲಿ ಅವಳು ಆಡುತ್ತಾಳೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಒಂದು ಭಾನುವಾರ ಅಣ್ಣ ನನ್ನನ್ನು ಕರೆಸಿದರು. ಒಳ್ಳೆಯ ಕಡೆಯಿಂದ ಸಂಬಂಧ ಬಂದಿತ್ತು. ಹುಡುಗನ ಮನೆಯವರು ಕೇಳಿದ್ದು ಒಂದೇ ಮಾತು: "ಮಗಳು ಆ ಆಟ ಬಿಡುತ್ತಾಳಲ್ಲವಾ?"

"ನೀನು ಮದ್ರಸಾದಲ್ಲಿ ಓದಿದವಳು, ನಿನ್ನ ಮಾತಾದರೆ ಕೇಳುತ್ತಾಳೆ. ಈ ವರ್ಷವೇ ಬಿಟ್ಟುಬಿಡು ಅಂತ ಹೇಳು" ಎಂದರು ಅಣ್ಣ.

"ಭಾಯಿಜಾನ್, ನೀವು ಅವಳ ಆಟ ನೋಡಿದ್ದೀರಾ?" ಎಂದೆ. ಇಲ್ಲವೆಂದು ತಲೆ ಆಡಿಸಿದರು. ಭಾಭಿಯೂ ನೋಡಿರಲಿಲ್ಲ. ಒಬ್ಬರ ಮಾತು ಮಾತ್ರ ಕೇಳಿ ತೀರ್ಪು ಕೊಡಬಾರದು ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನು. ಕಣ್ಣಿನಿಂದ ನೋಡದ ವಿಷಯಕ್ಕೆ ಬುದ್ಧಿ ಹೇಳುವುದು ಹೇಗೆ? "ಒಮ್ಮೆ ನೋಡಿ ಬರುತ್ತೇನೆ, ಆಮೇಲೆ ಮಾತಾಡೋಣ" ಎಂದು ಎದ್ದೆ.

ನನ್ನ ಮನೆ ವಿಜಯನಗರದ ಅತ್ತಿಗುಪ್ಪೆಯಲ್ಲಿ. ಆ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಗಿತ್ತು. ಅದು ಇಲ್ಲದಿದ್ದರೆ ನಾನು ಇಷ್ಟು ಸುತ್ತುತ್ತಿದ್ದೆನೋ ಇಲ್ಲವೋ. ಆಧಾರ್ ಕಾರ್ಡ್ ತೋರಿಸಿ, ಶೂನ್ಯ ಮೊತ್ತದ ಚೀಟಿ ಹಿಡಿದು, ಕಿಟಕಿ ಪಕ್ಕ ಕುಳಿತೆ. ದೀಪಾಂಜಲಿನಗರ ದಾಟಿ ಮೈಸೂರು ರಸ್ತೆಗೆ ಬಂದರೆ ಮೇಲೆ ಮೆಟ್ರೋ, ಪಕ್ಕದಲ್ಲಿ ವೃಷಭಾವತಿ. ಹೆಸರಿಗೆ ನದಿ, ಆದರೆ ನಾಯಂಡಹಳ್ಳಿ ಹತ್ತಿರ ಬರುತ್ತಿದ್ದಂತೆ ದುಪಟ್ಟಾದ ಅಂಚು ತಾನಾಗಿಯೇ ಮೂಗಿಗೆ ಹೋಗುತ್ತದೆ. ರಾಜರಾಜೇಶ್ವರಿನಗರದ ಕಮಾನು ದಾಟಿದ ಮೇಲೆ ಬಲಕ್ಕೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ. ಅಲ್ಲಿ ಮರಗಳ ಗಾಳಿ ಬರುತ್ತದೆ. 2021ರ ಆಗಸ್ಟ್ ಕೊನೆಯಲ್ಲಿ ಮೆಟ್ರೋ ಕೆಂಗೇರಿಯವರೆಗೆ ಬಂದಿತ್ತು. ಅವಸರವಿದ್ದ ದಿನ ಅದರಲ್ಲೇ ಹೋಗುತ್ತಿದ್ದೆ. ಅವಸರವಿಲ್ಲದ ದಿನ ಬಸ್ಸೇ ಚೆನ್ನ.

ಕಾಲೇಜಿನ ಹಿಂಭಾಗದಲ್ಲಿ ಸಿಮೆಂಟಿನ ಅಂಕಣ, ಅದರ ಒಂದು ಬದಿಗೆ ನಾಲ್ಕು ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ಕುಳಿತೆ. ಸಂಜೆಯ ಅಭ್ಯಾಸ ನಡೆದಿತ್ತು. ನಮ್ಮ ಹುಡುಗಿ ಕಪ್ಪು ತೋಳು, ಕಪ್ಪು ಕಾಲುಡುಗೆಯ ಮೇಲೆ ತಂಡದ ಜೆರ್ಸಿ ತೊಟ್ಟು, ತಲೆಗೆ ಬಿಗಿಯಾದ ಕಪ್ಪು ಸ್ಕಾರ್ಫ್ ಹಾಕಿದ್ದಳು. ಮನೆಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಆ ಹುಡುಗಿ ಇಲ್ಲಿ ಕೈ ಎತ್ತಿ, ಗಂಟಲು ಬಿಚ್ಚಿ, ಜೊತೆಯವರನ್ನು ಹೆಸರು ಹಿಡಿದು ಕೂಗಿ ನಿಲ್ಲಿಸುತ್ತಿದ್ದಳು. ಅವಳ ಧ್ವನಿ ಇಷ್ಟು ದೊಡ್ಡದೆಂದು ನನಗೆ ಗೊತ್ತಾದದ್ದು ಅವತ್ತೇ.

ಅಭ್ಯಾಸ ಮುಗಿದ ಮೇಲೆ ನನ್ನ ಪಕ್ಕದಲ್ಲಿ ಕುಳಿತು ಆಟ ಕಲಿಸಿದಳು. "ಫುಪ್ಪು, ಒಂದು ತಂಡಕ್ಕೆ ಐದು ಜನ. ಹತ್ತು ನಿಮಿಷದ ನಾಲ್ಕು ಭಾಗ. ಚೆಂಡು ಕೈಗೆ ಬಂದ ಮೇಲೆ 24 ಸೆಕೆಂಡಿನ ಒಳಗೆ ಎಸೆಯಲೇಬೇಕು. ಚೆಂಡನ್ನು ನೆಲಕ್ಕೆ ಪುಟಿಸದೆ ಓಡಿದರೆ ತಪ್ಪು. ಐದು ಫೌಲ್ ಆದರೆ ಹೊರಗೆ." ಹುಡುಗಿಯರ ಚೆಂಡು ಹುಡುಗರ ಚೆಂಡಿಗಿಂತ ಸ್ವಲ್ಪ ಚಿಕ್ಕದಂತೆ. ರಿಂಗಿನ ಎತ್ತರ ಮಾತ್ರ ಇಬ್ಬರಿಗೂ ಒಂದೇ, 3.05 ಮೀಟರ್, ಅಂದರೆ ಹತ್ತು ಅಡಿ.

ಬುದ್ಧಿ ಹೇಳಲು ಹೋದವಳು ಏನೂ ಹೇಳದೆ ಹಿಂದಿರುಗಿದೆ. ಆದರೆ ಓದುವ ಚಟ ಬಿಡುತ್ತದೆಯೇ? ಈ ಆಟದ ಚರಿತ್ರೆ ಹುಡುಕಿ ಓದಿದೆ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಚಳಿಗಾಲದಲ್ಲಿ ಒಳಾಂಗಣದಲ್ಲೇ ಆಡಲೆಂದು ಹಣ್ಣಿನ ಬುಟ್ಟಿಗಳನ್ನು ಮೇಲೆ ಕಟ್ಟಿ ಇದನ್ನು ಶುರು ಮಾಡಿದರು. ಬುಟ್ಟಿಯಿಂದಲೇ ಆಟಕ್ಕೆ ಹೆಸರು. ಒಂದೆರಡು ವರ್ಷದಲ್ಲೇ ಸಮೀಪದ ಸ್ಮಿತ್ ಎಂಬ ಮಹಿಳಾ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್ಸನ್ ಅದನ್ನು ಹುಡುಗಿಯರಿಗೆ ಕಲಿಸಿದರು. 1893ರ ಮಾರ್ಚ್‌ನಲ್ಲಿ ಅಲ್ಲಿನ ಹುಡುಗಿಯರ ಮೊದಲ ಪಂದ್ಯ ನಡೆದಾಗ ಗಂಡಸರಿಗೆ ಒಳಗೆ ಪ್ರವೇಶವೇ ಇರಲಿಲ್ಲ. 1896ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಹುಡುಗಿಯರು ಎದುರಾದಾಗಲೂ ಪ್ರೇಕ್ಷಕರೆಲ್ಲ ಹೆಂಗಸರೇ. ಸ್ಟ್ಯಾನ್‌ಫರ್ಡ್ ಗೆದ್ದದ್ದು 2–1 ಅಂಕಗಳಿಂದ! ಹೆಣ್ಣುಮಕ್ಕಳ ಆಟದ ಬಗ್ಗೆ ಸಂಕೋಚ ನಮ್ಮ ಮನೆಗಳಿಗೆ ಮಾತ್ರ ಸೇರಿದ್ದು ಎಂದುಕೊಂಡಿದ್ದೆ. ಆಟ ಹುಟ್ಟಿದ ನಾಡಿನಲ್ಲೂ ಅದು ಇತ್ತು. ಅವರು ಬಾಗಿಲು ಹಾಕಿಕೊಂಡರು, ಆಟ ನಿಲ್ಲಿಸಲಿಲ್ಲ.

ಇನ್ನೊಂದು ನೆನಪೂ ಬಂತು. ಹದೀಸ್ ಪಾಠದಲ್ಲಿ ಎಷ್ಟೋ ಸಲ ಓದಿದ್ದೆ. ಈದ್ ದಿನ ಅಬಿಸೀನಿಯದವರು ಮಸೀದಿಯ ಅಂಗಳದಲ್ಲಿ ಈಟಿಗಳಿಂದ ಆಡುತ್ತಿದ್ದಾಗ ಹ. ಆಯಿಶಾ(ರ) ಪ್ರವಾದಿಯವರ(ಸ) ಹಿಂದೆ ನಿಂತು ಅದನ್ನು ನೋಡಿದರು. ಸಾಕೆಂದು ಅವರಿಗೆ ಅನ್ನಿಸುವವರೆಗೆ ಪ್ರವಾದಿಯವರು(ಸ) ನಿಂತೇ ಇದ್ದರು. ಇಬ್ಬರೂ ಓಟದ ಸ್ಪರ್ಧೆ ಮಾಡಿದ್ದೂ ನಮಗೆಲ್ಲ ಗೊತ್ತು. ಓಟದ ವಿಷಯ ನಾವು ಆಗಾಗ ಹೇಳುತ್ತೇವೆ. ಆದರೆ ಮನೆಯವರ ಸಂತೋಷಕ್ಕಾಗಿ ಕಾಲು ನೋಯುವವರೆಗೆ ಜೊತೆಗೆ ನಿಲ್ಲುವ ವಿಷಯ? ಅದನ್ನು ನಾನೂ ಮಕ್ಕಳಿಗೆ ಒತ್ತಿ ಹೇಳಿರಲಿಲ್ಲ.

ಹಾಗೆ ನಾನು ಪ್ರತಿ ಪಂದ್ಯಕ್ಕೂ ಹೋಗತೊಡಗಿದೆ. ಅಮೆರಿಕದ ಕಾಲೇಜುಗಳಲ್ಲಿ ಒಂದು ಕೂಟದ ತಂಡಗಳು ತಿಂಗಳುಗಟ್ಟಲೆ ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ಆಡುತ್ತವೆಯಂತೆ. ಇವತ್ತು ಸೋತರೆ ಮುಂದಿನ ವಾರ ಗೆಲ್ಲಬಹುದು. ನಮ್ಮಲ್ಲಿ ಹಾಗಿಲ್ಲ. ಮುಖ್ಯವಾದದ್ದು ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿ. ಒಂದು ಕಾಲೇಜು ಆತಿಥ್ಯ ವಹಿಸುತ್ತದೆ, ಮೊದಲು ಸೋತವರು ಮನೆಗೆ, ಉಳಿದ ನಾಲ್ಕು ತಂಡಗಳು ಮಾತ್ರ ಪರಸ್ಪರ ಆಡುತ್ತವೆ. ಚೆನ್ನಾಗಿ ಆಡಿದವರನ್ನು ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ಕರೆಯುತ್ತಾರೆ. ಆ ತಂಡ ದಕ್ಷಿಣ ವಲಯಕ್ಕೆ, ಅಲ್ಲಿ ಗೆದ್ದರೆ ಅಖಿಲ ಭಾರತ ಮಟ್ಟಕ್ಕೆ ಹೋಗುತ್ತದೆ. ವರ್ಷವೆಲ್ಲ ಬೆಳಿಗ್ಗೆ ಐದೂವರೆಗೆ ಎದ್ದು ಅಭ್ಯಾಸ ಮಾಡಿದವರ ವರ್ಷ ನಲವತ್ತು ನಿಮಿಷದಲ್ಲಿ ಮುಗಿದುಹೋಗಬಹುದು. ಆದ್ದರಿಂದ ಅದಕ್ಕೆ ಮೊದಲು ಬೇರೆ ಬೇರೆ ಕಾಲೇಜುಗಳ ಆಹ್ವಾನದ ಮೇಲೆ ಸಣ್ಣ ಪಂದ್ಯಾವಳಿಗಳಿಗೆ ಹೋಗುತ್ತಾರೆ.

ಅಂಥದ್ದೊಂದು ಪಂದ್ಯಕ್ಕೆ ಬಸವೇಶ್ವರನಗರಕ್ಕೆ ಹೋದೆ. ಹಾವನೂರು ವೃತ್ತದಲ್ಲಿ ಇಳಿದು, ನೆರಳಿದ್ದ ಅಡ್ಡರಸ್ತೆಗಳಲ್ಲಿ ದಾರಿ ಕೇಳುತ್ತಾ ನಡೆದೆ. ಅಂಕಣ ತಲುಪಿದಾಗ ಪಂದ್ಯ ಶುರುವಾಗಿರಲಿಲ್ಲ. ಅಧಿಕಾರಿಯೊಬ್ಬರು ನಮ್ಮ ಹುಡುಗಿಯನ್ನು ನಿಲ್ಲಿಸಿ, ತಲೆಯದ್ದು ತೆಗೆದರೆ ಮಾತ್ರ ಆಡಬಹುದು ಎನ್ನುತ್ತಿದ್ದರು. ನನ್ನ ಎದೆ ಹೊಡೆದುಕೊಂಡಿತು. ಅವಳು ಮಾತ್ರ ಸುಮ್ಮನೆ ನೆಲ ನೋಡುತ್ತಾ ನಿಂತಿದ್ದಳು. ಆಗ ಅವರ ದೈಹಿಕ ಶಿಕ್ಷಣದ ಮೇಡಂ ಚೀಲದಿಂದ ಮಡಿಸಿದ ಒಂದು ಕಾಗದ ತೆಗೆದರು. ಮಡಿಕೆ ಸವೆದಿತ್ತು, ಎಷ್ಟು ಸಲ ತೆಗೆದಿದ್ದರೋ. ಅದು ಅಂತಾರಾಷ್ಟ್ರೀಯ ನಿಯಮದ ಪ್ರತಿ. ಅಧಿಕಾರಿ ಎರಡು ಸಲ ಓದಿದರು, "ಸರಿ, ಆಡಲಿ" ಎಂದರು.

ಸಹೋದರಿಯರೇ, ಆ ಕಾಗದದ ಹಿಂದೆ ಎಷ್ಟು ಹೆಣ್ಣುಮಕ್ಕಳ ಕಣ್ಣೀರಿದೆ ಗೊತ್ತೇ? 2014ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಇಂಚಾನ್‌ನಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಕತಾರ್‌ನ ಹುಡುಗಿಯರಿಗೆ ಹಿಜಾಬ್ ತೆಗೆಯಲು ಹೇಳಿದಾಗ ಅವರು ಮಂಗೋಲಿಯಾ ವಿರುದ್ಧದ ಪಂದ್ಯವನ್ನು ಆಡದೆಯೇ ಬಿಟ್ಟುಕೊಟ್ಟರು. ಅಮೆರಿಕದ ಬಿಲ್‌ಕೀಸ್ ಅಬ್ದುಲ್ ಕಾದಿರ್ ಶಾಲಾ ದಿನಗಳಲ್ಲೇ 3,070 ಅಂಕ ಗಳಿಸಿ ಮ್ಯಾಸಚೂಸೆಟ್ಸ್ ರಾಜ್ಯದ ದಾಖಲೆ ಮಾಡಿದವರು, ಕಾಲೇಜಿನಲ್ಲೂ ಹಿಜಾಬ್ ಧರಿಸಿಯೇ ಆಡಿದವರು. ಓದು ಮುಗಿಸಿ ವಿದೇಶದಲ್ಲಿ ವೃತ್ತಿಪರ ಆಟಕ್ಕೆ ಹೊರಟಾಗ ಇದೇ ನಿಯಮ ಅಡ್ಡ ಬಂತು. ಅವರೂ ಇನ್ನೂ ಅನೇಕರೂ ದನಿ ಎತ್ತಿದ ಮೇಲೆ 2017ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ನಿಯಮ ಬದಲಾಯಿಸಿತು. ಆ ವರ್ಷದ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ನಿಮ್ಮ ಮನೆಯಲ್ಲೂ ಆಡುವ ಮಗಳಿದ್ದರೆ ತಿಳಿದಿರಲಿ: ತಲೆವಸ್ತ್ರ ಮುಖವನ್ನು ಮುಚ್ಚಬಾರದು, ಮುಖ ಮತ್ತು ಕುತ್ತಿಗೆಯ ಬಳಿ ತೆರೆದು ಮುಚ್ಚುವಂಥದ್ದೇನೂ ಇರಬಾರದು, ಯಾರಿಗೂ ಗಾಯವಾಗುವಂತಿರಬಾರದು. ಅಂದರೆ ಪಿನ್ನು ಬೇಡ. ಬಣ್ಣ ಕಪ್ಪು, ಬಿಳಿ ಅಥವಾ ಜೆರ್ಸಿಯ ಮುಖ್ಯ ಬಣ್ಣ.

ಅದೇ 2017ರ ಜುಲೈನಲ್ಲಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಿತ್ತು. ಬಿ ವಿಭಾಗದ ಫೈನಲ್‌ನಲ್ಲಿ ಭಾರತದ ಹುಡುಗಿಯರು ಕಝಾಕಿಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ಅತ್ತಿಗುಪ್ಪೆಯಿಂದ ಕಬ್ಬನ್ ಪಾರ್ಕ್‌ಗೆ ನೇರ ಮೆಟ್ರೋ ಇದ್ದರೂ ನನಗೆ ಆಗ ಸುದ್ದಿಯೇ ತಿಳಿದಿರಲಿಲ್ಲ.

ಅಂತರ ಕಾಲೇಜು ಪಂದ್ಯಾವಳಿ ನಡೆದದ್ದು ರಾಜಾಜಿನಗರದಲ್ಲಿ. ವಿಜಯನಗರದಿಂದ ಕಾರ್ಡ್ ರಸ್ತೆ ಹಿಡಿದರೆ ನೇರ ದಾರಿ. ಮೊದಲ ದಿನವೇ ನಮ್ಮ ಹುಡುಗರ ತಂಡ ಎರಡು ಅಂಕಗಳಿಂದ ಸೋತಿತು. ಅಷ್ಟೆತ್ತರದ ಹುಡುಗರು ಟವೆಲಿನಲ್ಲಿ ಮುಖ ಮುಚ್ಚಿ ಕುಳಿತದ್ದನ್ನು ನೋಡಲಾಗಲಿಲ್ಲ. ಮರುದಿನ ಅವರೇ ಬಂದು ಹುಡುಗಿಯರ ತಂಡಕ್ಕೆ ನೀರಿನ ಕ್ಯಾನು ಹೊತ್ತರು, ಗಂಟಲು ಕಟ್ಟುವಂತೆ ಕೂಗಿದರು. ಹುಡುಗಿಯರು ಎರಡು ಪಂದ್ಯ ಗೆದ್ದು ಕೊನೆಯ ನಾಲ್ಕರೊಳಗೆ ಬಂದರು.

ಆ ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. "ಭಾಯಿಜಾನ್, ನನ್ನ ತೀರ್ಪು ಕೇಳಿದಿರಲ್ಲ. ನಾಳೆ ಬನ್ನಿ, ನೋಡಿ, ಆಮೇಲೆ ಹೇಳುತ್ತೇನೆ." ಬಹಳ ಹೊತ್ತು ಮಾತಿಲ್ಲ. ಗಂಡಸರೆಲ್ಲ ನೋಡುವ ಕಡೆ ಮಗಳು ಓಡಾಡುವುದು ತಂದೆಯಾಗಿ ತನಗೆ ಕಷ್ಟ ಎಂದರು. ಅದನ್ನು ನಾನು ತಳ್ಳಿಹಾಕಲಿಲ್ಲ. ಓದುವ ನಿಮ್ಮಲ್ಲೂ ಕೆಲವರಿಗೆ ಹಾಗನ್ನಿಸಬಹುದು. "ಅವಳು ತನ್ನ ಉಡುಪನ್ನು ಎಲ್ಲೂ ಬಿಟ್ಟುಕೊಟ್ಟಿಲ್ಲ. ಅವಳನ್ನು ನೋಡುವವರಲ್ಲಿ ತಂದೆಯೊಬ್ಬರೇ ಇಲ್ಲ" ಎಂದಷ್ಟೇ ಹೇಳಿದೆ.

ಕೊನೆಯ ದಿನ ಅಣ್ಣ ಬಂದರು. ಭಾಭಿ ಕಟ್ಟಿಕೊಟ್ಟ ಟಿಫಿನ್ ಡಬ್ಬಿ ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕುಳಿತರು. ನಾಲ್ಕರಲ್ಲಿ ಸ್ಥಾನ ತೀರ್ಮಾನವಾಗುವ ಪಂದ್ಯ. ಕೊನೆಯ ಕ್ಷಣಗಳಲ್ಲಿ ನಮ್ಮವರು ಎರಡು ಅಂಕ ಹಿಂದೆ. ಚೆಂಡು ಎಸೆಯುವಾಗ ಎದುರಾಳಿ ಕೈ ತಾಗಿಸಿದ್ದರಿಂದ ನಮ್ಮ ಹುಡುಗಿಗೆ ಎರಡು ಫ್ರೀ ಥ್ರೋ ಸಿಕ್ಕವು. ಮೊದಲನೆಯದು ಒಳಗೆ. ಎರಡನೆಯದು ರಿಂಗಿನ ಅಂಚಿಗೆ ಬಡಿದು ಹೊರಗೆ ಬಿತ್ತು. 41–42. ಆಟ ಮುಗಿಯಿತು.

ಅವಳು ಅಂಕಣದ ಮಧ್ಯದಲ್ಲೇ ಕುಳಿತುಬಿಟ್ಟಳು. ತಲೆ ಎತ್ತಿದಾಗ ಮೆಟ್ಟಿಲ ಮೇಲೆ ತಂದೆ ಕಂಡರು. ಅವರು ಬರುವುದನ್ನು ನಾನು ಅವಳಿಗೆ ಹೇಳಿರಲಿಲ್ಲ. ಅಣ್ಣ ಇಳಿದು ಹೋಗಿ, ಏನೂ ಮಾತಾಡದೆ, ಡಬ್ಬಿ ಬಿಚ್ಚಿ ಅವಳ ಮುಂದೆ ಇಟ್ಟರು. ತಂಡದವರೆಲ್ಲ ಸುತ್ತ ಕುಳಿತು ಅದರಿಂದಲೇ ತಿಂದರು.

ಹಿಂದಿರುಗುವಾಗ ಬಸ್ಸಿನಲ್ಲಿ ಅಣ್ಣ ವಿಜಯನಗರದವರೆಗೆ ಸುಮ್ಮನಿದ್ದರು. ಆಮೇಲೆ, "ಎರಡನೇ ಸಲ ಎಸೆಯುವಾಗ ಮೊಣಕಾಲು ಬಗ್ಗಿಸಲಿಲ್ಲ, ಅದಕ್ಕೇ ಚೆಂಡು ಕಡಿಮೆ ಬಿತ್ತು" ಎಂದರು. ಮಗಳು ಅವರ ಮುಖ ನೋಡಿದಳು. "ಹೌದು ಅಬ್ಬಾ" ಎಂದಳು.

ಹುಡುಗನ ಮನೆಯವರಿಗೆ ಅಣ್ಣ ತಾವೇ ಉತ್ತರ ಕೊಟ್ಟರು: ಆಡುವುದೂ ಬಿಡುವುದೂ ಮಗಳ ತೀರ್ಮಾನ, ತಾನು ಮಾತು ಕೊಡಲಾರೆ ಎಂದು. ಆ ಸಂಬಂಧ ಮುಂದುವರಿಯಲಿಲ್ಲ. ಭಾಭಿ ಕೆಲವು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ವಿಶ್ವವಿದ್ಯಾಲಯದ ಆಯ್ಕೆಗೆ ಕರೆ ಬಂತು, ತಂಡದಲ್ಲಿ ಸ್ಥಾನ ಸಿಗಲಿಲ್ಲ. ಆಯ್ಕೆಯ ದಿನ ಅವಳ ಜೊತೆ ಹೋದದ್ದು ನಾನಲ್ಲ, ಅಣ್ಣ.

ನಿಮ್ಮ ಮನೆಯ ಮಗಳು ಆಡುತ್ತಿದ್ದರೆ, ಬೇಕು ಬೇಡ ಎಂದು ಹೇಳುವ ಮೊದಲು ಒಮ್ಮೆ ಹೋಗಿ ನೋಡಿ. ಮಧ್ಯಾಹ್ನದ ಪಂದ್ಯವಾದರೆ ಬಿಸಿಲಿಗೆ ಒಂದು ಕೊಡೆ, ಕುಡಿಯಲು ನೀರು, ಕೂರಲು ದಿನಪತ್ರಿಕೆಯ ಒಂದು ಹಾಳೆ ಇಟ್ಟುಕೊಳ್ಳಿ. ಅಸರ್ ನಮಾಝಿಗೆ ಜಾಗ ಎಲ್ಲಿ ಸಿಗುತ್ತದೆಂದು ಮೊದಲೇ ಕೇಳಿಕೊಳ್ಳಿ. ಕೊನೆಯ ಮೆಟ್ಟಿಲಲ್ಲಿ ಕುಳಿತರೆ ಅಂಕಣ ಪೂರ್ತಿ ಕಾಣುತ್ತದೆ.